ಮರಳಿನಡಿಯ ಸಿಂಗಪುರದಲ್ಲಿ ಏನನ್ನು ಹುಡುಕಬೇಕು?

ಪ್ರಶ್ನೆ: ಅಮೆರಿಕದ ಮಿಷಿಗನ್ ರಾಜ್ಯದ ಸಾಗಟಕ್ ಎಂಬ ಊರಿಗೆ ಹೋಗಿದ್ದಾಗ, ಅಲ್ಲಿಗೆ ಸಮೀಪದ ಮರಳುದಿಬ್ಬಗಳ ಅಡಿಯಲ್ಲಿ ಸಿಂಗಪುರ ಎಂಬ ಹಳೆಯ ನಾಟಾ ಪಟ್ಟಣವಿದೆ ಎಂದು ತಿಳಿಸುವ ಫಲಕವನ್ನು ನೋಡಿದೆವು. ಜೊತೆಗಿದ್ದ ನಮ್ಮ ಮಾವನವರು, ತಲಕಾಡಿನಲ್ಲಿ ಮರಳು ತೆಗೆದು ದೇವಾಲಯಗಳನ್ನು ಹೊರತಂದಂತೆ ಇಲ್ಲಿಯೂ ಊರನ್ನು ಹೊರತೆಗೆಯಬಹುದಲ್ಲವೇ ಎಂದು ಕೇಳಿದರು. ಮತ್ತೊಮ್ಮೆ ಹೋದರೆ ನಾವು ಎಲ್ಲಿ, ಏನನ್ನು ಹುಡುಕಬೇಕು?
— ಓದುಗರೊಬ್ಬರು, ಗ್ರ್ಯಾಂಡ್ ರ‍್ಯಾಪಿಡ್ಸ್

ಉತ್ತರ: ನಿಮ್ಮ ಮಾವನವರ ಊಹೆ ಸಹಜವಾದದ್ದೇ. ಆದರೆ ತಲಕಾಡಿನ ಮರಳಿನಡಿ ಇದ್ದದ್ದು ಕಲ್ಲಿನ ಕಟ್ಟಡಗಳು. ಸಿಂಗಪುರವಾದರೋ ಮರದಿಂದ ಕಟ್ಟಿದ, ಮರವನ್ನೇ ನಂಬಿ ಬದುಕಿದ ಊರು. ಅದಕ್ಕಿಂತ ಮುಖ್ಯವಾಗಿ, ಊರು ಬಿಟ್ಟವರು ಅನೇಕ ಮನೆಗಳನ್ನೂ ತಮ್ಮೊಡನೆ ಸಾಗಿಸಿಕೊಂಡು ಹೋದರು. ಆದ್ದರಿಂದ ಮರಳಿನ ಕೆಳಗೆ ಬೀದಿಗೆ ಬೀದಿಯೇ ಕಾದು ನಿಂತಿದೆ ಎಂದು ಭಾವಿಸಿ ಹೋದವರಿಗೆ ನಿರಾಸೆಯಾಗುತ್ತದೆ. ಊರು ಎಲ್ಲಿಗೆ ಹೋಯಿತು ಎಂದು ಕೇಳಿಕೊಂಡು ಹೋದವರಿಗೆ ನೋಡಲು ಬೇಕಾದಷ್ಟಿದೆ.

ಕಲಮಜೂ ನದಿಯು ಮಿಷಿಗನ್ ಸರೋವರವನ್ನು ಸೇರುವಲ್ಲಿ 1836ರಲ್ಲಿ ಓಶಿಯಾ ವೈಲ್ಡರ್ ಮತ್ತು ನ್ಯೂಯಾರ್ಕ್ ಕಡೆಯ ಕೆಲವು ಭೂವ್ಯಾಪಾರಿಗಳು ಈ ಊರಿಗೆ ಅಡಿಪಾಯ ಹಾಕಿದರು. ಶಿಕಾಗೊ, ಮಿಲ್ವಾಕಿಗಳಿಗೆ ಸರಿಸಾಟಿಯಾದ ಬಂದರು ಬೆಳೆಯುತ್ತದೆ ಎಂಬುದು ಅವರ ಎಣಿಕೆ. ಊರಿಗೊಂದು ಬ್ಯಾಂಕೂ ಬಂತು. ಕೊಡಲು ಸಾಕಷ್ಟು ಬೆಳ್ಳಿಬಂಗಾರದ ನಾಣ್ಯಗಳಿಲ್ಲದಿದ್ದರೂ ನೋಟು ಅಚ್ಚು ಹಾಕಿ ಹಂಚಿದ ಆ ಕಾಲದ ಮಿಷಿಗನ್‌ನ ಅನೇಕ ಬ್ಯಾಂಕುಗಳಂತೆ ಅದೂ ಬೇಗನೆ ಮುಳುಗಿತು. ಅದರ ನೋಟುಗಳು ಇಂದು ಸಂಗ್ರಾಹಕರ ಕೈಯಲ್ಲಿವೆ. ಬಂದರಿನ ಕನಸು ಕೈಗೂಡದಿದ್ದರೂ ಊರನ್ನು ಸುತ್ತಮುತ್ತಲಿನ ಕಾಡು ಸಾಕಿತು. ಮೂರು ಸಾಮಿಲ್‌ಗಳು, ಎರಡು ಹೋಟೆಲುಗಳು, ಹಲವು ಅಂಗಡಿಗಳಿದ್ದ ಸಿಂಗಪುರವು ಒಂದು ಕಾಲಕ್ಕೆ ಪಕ್ಕದ ಸಾಗಟಕ್‌ಗಿಂತ ಮುಂದಿತ್ತು. ಮುಂದೆ 1887ರಲ್ಲಿ ಅಮೆರಿಕದ ಸೆನೆಟ್ ಪ್ರವೇಶಿಸಿದ ಫ್ರಾನ್ಸಿಸ್ ಸ್ಟಾಕ್‌ಬ್ರಿಜ್ ಇಲ್ಲಿಯ ನಾಟಾ ವ್ಯಾಪಾರದಲ್ಲಿಯೇ ಬೆಳೆದವನು.

1871ರ ಅಕ್ಟೋಬರ್ 8ರಂದು ಶಿಕಾಗೊ ಹೊತ್ತಿ ಉರಿಯಿತು. ಅದೇ ಹೊತ್ತಿನಲ್ಲಿ ವಿಸ್ಕಾನ್ಸಿನ್‌ನ ಪೆಶ್ಟಿಗೊ, ಸಿಂಗಪುರಕ್ಕೆ ಅನತಿದೂರದ ಹಾಲೆಂಡ್ ಪಟ್ಟಣ ಕೂಡ ಬೆಂಕಿಗೆ ತುತ್ತಾದವು. ಸುಟ್ಟ ಊರುಗಳನ್ನು ಮತ್ತೆ ಕಟ್ಟಲು ಹಲಗೆ, ತೊಲೆಗಳಿಗೆ ಎಲ್ಲಿಲ್ಲದ ಬೇಡಿಕೆ ಬಂದು, ಅಳಿದುಳಿದಿದ್ದ ಬಿಳಿ ಪೈನ್ ಮರಗಳೂ ಕೆಲವೇ ವರ್ಷಗಳಲ್ಲಿ ಗರಗಸದ ಪಾಲಾದವು. 1875ರ ಹೊತ್ತಿಗೆ ಕೊಯ್ಯಲು ದಿಮ್ಮಿಗಳೇ ಉಳಿಯದೆ ಮಿಲ್ಲಿನ ಯಂತ್ರಗಳು ಉತ್ತರದ ಸೇಂಟ್ ಇಗ್ನೇಸ್ ಕಡೆಗೆ ಹೊರಟವು. ಕೆಲಸವಿಲ್ಲದ ಊರಿನಲ್ಲಿ ಜನ ನಿಲ್ಲಲಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಮನೆಗಳನ್ನು ಇಡಿಯಾಗಿ ಎಳೆದು ಸಾಗಟಕ್‌ಗೆ ತಂದರೆಂಬುದು ಅಲ್ಲಿಯವರು ಇಂದಿಗೂ ಹೇಳುವ ಸಂಗತಿ.

ಈಗ ನಿಮ್ಮ ಹುಡುಕಾಟದ ವಿಷಯಕ್ಕೆ ಬರೋಣ. ಹಳೆಯ ಭೂಪಟವನ್ನು ಹಿಡಿದು ಇಂದಿನ ನದೀಮುಖಕ್ಕೆ ಹೋದವರು ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾರೆ, ಏಕೆಂದರೆ 1906ರ ಸುಮಾರಿಗೆ ದಿಬ್ಬಗಳನ್ನು ಸೀಳಿ ಸರೋವರಕ್ಕೆ ನೇರವಾದ ಹೊಸ ಕಾಲುವೆಯನ್ನು ತೋಡಿದ ಮೇಲೆ ನದಿಯ ಹಳೆಯ ಬಾಯಿ ಮುಚ್ಚಿಹೋಯಿತು. ಹಳೆಯ ಬಾಯಿಯ ಬಳಿ ನಿಂತಿದ್ದ ದೀಪಸ್ತಂಭವೂ 1956ರ ಸುಂಟರಗಾಳಿಗೆ ಸಿಕ್ಕಿ ನಾಶವಾಯಿತು. ಹಳೆಯ ನದಿಯ ತಿರುವು ಇಂದು ಕಡಿದುಹೋದ ಹಿನ್ನೀರಾಗಿ ಉಳಿದಿದ್ದು, ಅದರ ದಡದಲ್ಲಿ 1910ರಲ್ಲಿ ಆರಂಭವಾದ ಆಕ್ಸ್‌ಬೋ ಕಲಾಶಾಲೆಯಿದೆ. ಸಿಂಗಪುರದ ನೆಲವಿರುವುದು ಹೊಸ ಕಾಲುವೆಯ ಉತ್ತರದ ಮಗ್ಗುಲಲ್ಲಿ. ಅದನ್ನು ಒಂದೇ ನೋಟದಲ್ಲಿ ಅರಿಯಬೇಕಿದ್ದರೆ ಸಾಗಟಕ್‌ನಿಂದ ನದಿ ದಾಟಿ, ಮೌಂಟ್ ಬಾಲ್ಡ್‌ಹೆಡ್ ದಿಬ್ಬದ ಮುನ್ನೂರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಹತ್ತಿ ನಿಲ್ಲಿ. ನದಿ, ಊರು, ದಿಬ್ಬಗಳ ಸಾಲು ಹೇಗೆ ಒಂದಕ್ಕೊಂದು ಹೊಂದಿಕೊಂಡಿವೆ ಎಂಬುದು ಭೂಪಟಕ್ಕಿಂತ ಚೆನ್ನಾಗಿ ಅಲ್ಲಿ ತಿಳಿಯುತ್ತದೆ. ಮಾವನವರಿಗೆ ಮೆಟ್ಟಿಲು ಕಷ್ಟವಾದರೆ ಬುಡದಲ್ಲಿಯೇ ಹಳೆಯ ಪಂಪ್‌ಹೌಸಿನಲ್ಲಿ ಸ್ಥಳೀಯ ಇತಿಹಾಸ ಸಂಘದ ವಸ್ತುಸಂಗ್ರಹಾಲಯವಿದೆ. ಮೊದಲು ಅಲ್ಲಿಗೇ ಹೋಗುವುದು ಒಳ್ಳೆಯದು.

ಸಿಂಗಪುರದ ದೊಡ್ಡ ಅವಶೇಷಗಳು ಸಾಗಟಕ್‌ನ ಬೀದಿಗಳಲ್ಲಿವೆ ಎಂಬುದೇ ನನ್ನ ದೃಢವಾದ ಅಭಿಪ್ರಾಯ. ಬ್ಯಾಂಕಿನದೆಂದು ಗುರುತಿಸಲಾಗುವ ಕಟ್ಟಡವು ಬಟ್ಲರ್ ಬೀದಿಯಲ್ಲಿದೆ. ಇಂತಹ ಮನೆಗಳನ್ನು ನೋಡುವಾಗ ಬಣ್ಣ ಬಳಿದ ಮುಖಕ್ಕಿಂತ, ಮನೆಯವರು ಒಪ್ಪಿದರೆ, ನೆಲಮಾಳಿಗೆಯ ತೊಲೆಗಳನ್ನೂ ಮೊಳೆಗಳನ್ನೂ ಗಮನಿಸಿ. ಕಬ್ಬಿಣದ ತಗಡಿನಿಂದ ಕತ್ತರಿಸಿ ಮಾಡುತ್ತಿದ್ದ ಆ ಕಾಲದ ಮೊಳೆಯ ಎರಡು ಬದಿಗಳು ಸಮಾನಾಂತರವಾಗಿದ್ದು, ಉಳಿದೆರಡು ಬದಿಗಳು ಕೆಳಗೆ ಹೋದಂತೆ ಕಿರಿದಾಗುತ್ತವೆ, ತುದಿ ಮೊಂಡಾಗಿರುತ್ತದೆ. ದುಂಡಗಿನ ತಂತಿಮೊಳೆಗಳು ಮಾರುಕಟ್ಟೆಯನ್ನು ಆವರಿಸಿದ್ದು 1890ರ ದಶಕದಲ್ಲಿ, ಅಂದರೆ ಸಿಂಗಪುರ ಬರಿದಾದ ಮೇಲೆ. ದುಂಡು ಮೊಳೆ ಮಾತ್ರ ಕಂಡ ಗೋಡೆಯನ್ನು ಸಿಂಗಪುರದ್ದೆಂದು ಯಾರಾದರೂ ಹೇಳಿದರೆ ಇನ್ನೊಂದು ಪುರಾವೆ ಕೇಳುವುದು ನ್ಯಾಯ.

ಹಾಗಾದರೆ ಮರಳಿನಡಿ ಏನೂ ಇಲ್ಲವೇ ಎಂದರೆ, ಇರಬಹುದು. ಸಾಗಿಸಲಾಗದ ಅಡಿಪಾಯ, ಇಟ್ಟಿಗೆಯ ಚೂರು, ಬಾವಿ, ಕಸದ ಗುಂಡಿಗಳು ಯಾವ ಊರಿನಲ್ಲಾದರೂ ಹಿಂದುಳಿಯುತ್ತವೆ. ಸಾಮಿಲ್ ಇದ್ದ ಜಾಗವನ್ನು ಗುರುತಿಸಲು ಎಲ್ಲಕ್ಕಿಂತ ನೆರವಾಗುವುದು ಮರದ ಹೊಟ್ಟು. ಅಂದಿನ ಮಿಲ್‌ಗಳು ಹೊಟ್ಟನ್ನೂ ತೊಗಟೆ ಸಮೇತದ ಅಂಚುಹಲಗೆಗಳನ್ನೂ ನೀರಿನಂಚಿಗೆ ಸುರಿಯುತ್ತಿದ್ದವು, ಮತ್ತು ನೀರಿನಲ್ಲಿ ನೆನೆದು ಗಾಳಿ ತಾಗದೆ ಇದ್ದರೆ ಹೊಟ್ಟಿನ ಪದರವು ನೂರಾರು ವರ್ಷ ಕೊಳೆಯದೆ ಉಳಿಯಬಲ್ಲದು. ಉಪಕರಣಗಳ ಬಗ್ಗೆಯೂ ಒಂದು ಮಾತು. ವಿಮಾನದಿಂದ ಲೇಸರ್ ಬೆಳಕು ಹಾಯಿಸಿ ಅಳೆಯುವ ಲೈಡಾರ್ ವಿಧಾನವು ಗಿಡಮರಗಳ ಕೆಳಗಿನ ನೆಲದ ಏರುತಗ್ಗನ್ನು ತೋರಿಸುತ್ತದೆಯೇ ಹೊರತು ಮರಳಿನ ಒಳಗನ್ನು ತೋರಿಸುವುದಿಲ್ಲ. ಒಳಗನ್ನು ನೋಡಲು ಭೂಭೇದಕ ರೇಡಾರ್ ಬೇಕು, ಮತ್ತು ಒಣ ಮರಳು ಆ ಉಪಕರಣಕ್ಕೆ ಬಹಳ ಅನುಕೂಲವಾದ ನೆಲ.

ಪ್ರಶ್ನೆ: ಮರ ಕಡಿದದ್ದರಿಂದಲೇ ಮರಳು ಊರನ್ನು ನುಂಗಿತು ಎನ್ನುವುದು ನಿಜವೇ?
— ಶಾಲಾ ಶಿಕ್ಷಕಿಯೊಬ್ಬರು, ಸಾಗರ

ಉತ್ತರ: ಬಹುಮಟ್ಟಿಗೆ ನಿಜ. ಮರಳುದಿಬ್ಬಗಳು ಸಿಂಗಪುರಕ್ಕಿಂತ ಸಾವಿರಾರು ವರ್ಷ ಹಳೆಯವು, ಪಶ್ಚಿಮದಿಂದ ಸರೋವರದ ಮೇಲೆ ಬೀಸುವ ಗಾಳಿಯೂ ಹೊಸದಲ್ಲ. ಬೇರುಗಳು ಹಿಡಿದಿಟ್ಟ ಮರಳು ಅಲುಗುವುದಿಲ್ಲ. ಬೇರು ಸತ್ತು ಮೇಲ್ಪದರ ಒಮ್ಮೆ ಹರಿದರೆ, ಒಣಗಿದ ಕಣಗಳು ನೆಲದಿಂದ ಜಿಗಿಜಿಗಿದು ಒಳನಾಡಿನ ಕಡೆಗೆ ಸಾಗುತ್ತವೆ. ಆದರೆ ಕಾಲಕ್ರಮವನ್ನು ಮಕ್ಕಳಿಗೆ ಸರಿಯಾಗಿ ಹೇಳಿಕೊಡಬೇಕು. ಮೊದಲು ಕಾಡು ಮುಗಿಯಿತು, ಆಮೇಲೆ ಕೆಲಸ ಮುಗಿಯಿತು, ಜನ ಹೋದ ಮೇಲೆ ಉಳಿದದ್ದನ್ನು ಮರಳು ಮೆಲ್ಲನೆ ಮುಚ್ಚಿತು. ಕೊನೆಯ ನಿವಾಸಿಯೊಬ್ಬ ಮರಳು ಏರಿದಂತೆಲ್ಲ ಮೇಲಿನ ಮಹಡಿಗೆ ಹೋಗಿ ಕಿಟಕಿಯಿಂದ ಓಡಾಡುತ್ತಿದ್ದನೆಂಬ ಕಥೆಯನ್ನು ಜನಪದ ಕಥೆಯಾಗಿಯೇ ಹೇಳಿ.

ಪ್ರಶ್ನೆ: ಅಲ್ಲಿ ನೆಲದ ಮೇಲೆ ಹಳೆಯ ಮೊಳೆಯೋ ಗಾಜಿನ ಚೂರೋ ಕಂಡರೆ ತರಬಹುದೇ?
— ಪುರಾತತ್ತ್ವ ವಿದ್ಯಾರ್ಥಿ, ಮೈಸೂರು

ಉತ್ತರ: ದಯವಿಟ್ಟು ತರಬೇಡಿ. ಸಿಂಗಪುರದ ನೆಲವು ಖಾಸಗಿ ಒಡೆತನದಲ್ಲಿದೆ. ಅಲ್ಲಿ ಮನೆಗಳನ್ನೂ ದೋಣಿ ತಂಗುದಾಣವನ್ನೂ ಕಟ್ಟುವ ಯೋಜನೆಯ ವಿರುದ್ಧ ಸ್ಥಳೀಯರು ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಹೋರಾಡಿದ್ದಾರೆ. ಸಾಗಟಕ್ ದಿಬ್ಬಗಳನ್ನು ಅಮೆರಿಕದ ಪರಂಪರೆ ಸಂರಕ್ಷಣಾ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ 2010ರಲ್ಲಿ ಅಳಿವಿನಂಚಿನ ತಾಣಗಳ ಪಟ್ಟಿಗೆ ಸೇರಿಸಿತ್ತು. ಸಮೀಪದ ರಾಜ್ಯ ಉದ್ಯಾನದಲ್ಲಿಯೂ ಪ್ರಾಚ್ಯವಸ್ತುಗಳನ್ನು ಪರವಾನಗಿಯಿಲ್ಲದೆ ತೆಗೆಯುವುದು ಅಪರಾಧ. ಕಾನೂನನ್ನು ಬದಿಗಿಟ್ಟರೂ, ಬಿದ್ದ ಜಾಗದಿಂದ ಎತ್ತಿದ ಮೊಳೆಯು ಆ ಮನೆ ಎಲ್ಲಿತ್ತು ಎಂಬುದನ್ನು ಮತ್ತೆ ಯಾರಿಗೂ ತಿಳಿಸಲಾರದು. ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಛಾಯಾಚಿತ್ರ ತೆಗೆಯಿರಿ, ಜಾಗದ ಜಿಪಿಎಸ್ ಅಂಕಿಗಳನ್ನು ಬರೆದುಕೊಳ್ಳಿ, ಎರಡನ್ನೂ ಅಲ್ಲಿನ ಇತಿಹಾಸ ಸಂಘಕ್ಕೆ ಕಳುಹಿಸಿಕೊಡಿ.