ಮಲದಲ್ಲಿ ಹುಳು ಕಾಣಲಿಲ್ಲ, ರಕ್ತ ಪರೀಕ್ಷೆ ಮಾತ್ರ ಪಾಸಿಟಿವ್: ಯಾವುದನ್ನು ನಂಬಬೇಕು?

ನಿಮ್ಮ ಅಪ್ಪನಿಗೆ ಸ್ಟೀರಾಯ್ಡ್ ಶುರು ಮಾಡಬೇಕು. ಅದಕ್ಕೂ ಮುಂಚೆ ಮಾಡಿಸಿದ ಮಲ ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ, ಆದರೆ ರಕ್ತದ ಎಲಿಸಾ ಸ್ಟ್ರಾಂಜಿಲಾಯ್ಡಿಸ್ ಹುಳುವಿಗೆ ಪಾಸಿಟಿವ್ ಬಂದಿದೆ. ವರದಿಯಲ್ಲಿರುವ ‘ರಿಕಾಂಬಿನೆಂಟ್ ಆಂಟಿಜೆನ್ ಎನ್‌ಐಇ’ ಅಂದರೆ ಏನು, ಅದನ್ನು ನಂಬಬಹುದಾ ಅಂತ ಕೇಳಿದ್ದೀರಿ. ಹುಳುಗಳ ರಕ್ತ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಈ ಪಾಸಿಟಿವ್ ಅನ್ನು ದಯವಿಟ್ಟು ಪಕ್ಕಕ್ಕಿಡಬೇಡಿ.

ಮಲದಲ್ಲಿ ಹುಳು ಸಿಗದಿದ್ದರೆ ಹುಳು ಇಲ್ಲ ಅಂತಲ್ಲ. ಬೇರೆ ಹುಳುಗಳು ರಾಶಿ ರಾಶಿ ಮೊಟ್ಟೆ ಹೊರಗೆ ಬಿಡುತ್ತವೆ. ಸ್ಟ್ರಾಂಜಿಲಾಯ್ಡಿಸ್‌ನ ಮೊಟ್ಟೆ ಕರುಳಿನಲ್ಲೇ ಒಡೆಯುತ್ತದೆ. ಹೊರಗೆ ಬರುವುದು ಮರಿಗಳು, ಅದೂ ಕೆಲವೇ ಕೆಲವು, ಒಂದು ದಿನ ಬಂದರೆ ಇನ್ನೊಂದು ದಿನ ಇಲ್ಲ. ಒಂದೇ ಸಲದ ಪರೀಕ್ಷೆಯಲ್ಲಿ ತಪ್ಪಿಹೋಗುವುದೇ ಜಾಸ್ತಿ. ಇನ್ನು ಕೆಲವು ಮರಿಗಳು ಹೊರಗೆ ಬರುವುದೇ ಇಲ್ಲ, ಕರುಳಿನ ಗೋಡೆ ಕೊರೆದು ಮತ್ತೆ ದೇಹದೊಳಕ್ಕೇ ಹೋಗುತ್ತವೆ. ಹಾಗಾಗಿ ಒಮ್ಮೆ ಹೊಕ್ಕ ಹುಳು ದಶಕಗಳ ಕಾಲ ಸದ್ದಿಲ್ಲದೆ ಉಳಿಯಬಲ್ಲದು. ಎರಡನೇ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದಲ್ಲಿ ಸೆರೆಯಾಗಿದ್ದ ಸೈನಿಕರಲ್ಲಿ ಎಷ್ಟೋ ದಶಕಗಳ ನಂತರವೂ ಇದು ಸಿಕ್ಕಿದೆ.

ಈಗ ಆಂಟಿಜೆನ್ ವಿಷಯ. ಹುಳುವಿನ ಯಾವ ಭಾಗವನ್ನು ನೋಡಿ ನಮ್ಮ ದೇಹ ಆಂಟಿಬಾಡಿ (ಅದಕ್ಕೆ ಹೋಗಿ ಅಂಟುವ ರಕ್ಷಣಾ ಪ್ರೋಟೀನ್) ಮಾಡುತ್ತದೋ ಅದು ಆಂಟಿಜೆನ್. ಎಲಿಸಾದಲ್ಲಿ ಆಂಟಿಜೆನ್ನನ್ನು ಒಂದು ಪ್ಲೇಟಿಗೆ ಅಂಟಿಸಿ ಮೇಲೆ ರೋಗಿಯ ರಕ್ತದ ಸೀರಂ ಹಾಕುತ್ತಾರೆ; ಆಂಟಿಬಾಡಿ ಬಂದು ಅಂಟಿಕೊಂಡರೆ ಕೊನೆಯಲ್ಲಿ ಬಣ್ಣ ತಿರುಗುತ್ತದೆ, ಅದೇ ಪಾಸಿಟಿವ್. ಹಳೆಯ ವಿಧಾನದಲ್ಲಿ ಮರಿಹುಳುಗಳನ್ನು ಇಡಿಯಾಗಿ ಅರೆದು, ಆ ರಸವನ್ನೇ ಪ್ಲೇಟಿಗೆ ಅಂಟಿಸುತ್ತಾರೆ. ಮರಿಗಳು ಬೇಕೆಂದರೆ ರೋಗಿಗಳ ಮಲದಿಂದ ಬೆಳೆಸಬೇಕು, ಇಲ್ಲವೇ ಇಲಿಗಳಲ್ಲಿರುವ ಇದರ ಹತ್ತಿರದ ಜಾತಿಯನ್ನು ಸಾಕಬೇಕು. ಒಂದು ಬ್ಯಾಚ್ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಆ ರಸದಲ್ಲಿ ನೂರಾರು ಪ್ರೋಟೀನ್‌ಗಳಿರುತ್ತವೆ, ಅವುಗಳಲ್ಲಿ ಎಷ್ಟೋ ಬೇರೆ ಹುಳುಗಳಲ್ಲೂ ಇರುತ್ತವೆ. ಫಾಸ್ಫೊರಿಲ್‌ಕೋಲಿನ್ ಅನ್ನುವ ಸಣ್ಣ ಅಣುವಂತೂ ಬಹುತೇಕ ದುಂಡುಹುಳುಗಳಲ್ಲಿ ಅಂಟಿಕೊಂಡಿರುತ್ತದೆ. ಆನೆಕಾಲು ರೋಗದ ಫೈಲೇರಿಯಾ ಹುಳು ಇದ್ದವರ ರಕ್ತವೂ ಈ ಪ್ಲೇಟಿನಲ್ಲಿ ಬಣ್ಣ ತಿರುಗಬಹುದು. ಪಾಸಿಟಿವ್ ಬಂತು, ಆದರೆ ಯಾವ ಹುಳುವಿಗೆ?

ರಿಕಾಂಬಿನೆಂಟ್ ಆಂಟಿಜೆನ್ ಬಂದದ್ದು ಈ ಗೊಂದಲ ಕಡಿಮೆ ಮಾಡಲು. ಹುಳುವಿನ ಒಂದೇ ಒಂದು ಜೀನ್ ಆರಿಸಿ ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಸೇರಿಸುತ್ತಾರೆ. ಅದು ಆ ಒಂದು ಪ್ರೋಟೀನನ್ನು ಬೇಕಾದಷ್ಟು ಮಾಡಿಕೊಡುತ್ತದೆ. ಎನ್‌ಐಇ ಅಂಥದ್ದೇ, ಸುಮಾರು 31 ಕಿಲೋಡಾಲ್ಟನ್ ತೂಕದ ಪ್ರೋಟೀನ್. ಸ್ಟ್ರಾಂಜಿಲಾಯ್ಡಿಸ್ ಮರಿಯ ಜೀನ್‌ನಿಂದ ತೆಗೆದದ್ದು. ಫೈಲೇರಿಯಾ ಇದ್ದವರ ರಕ್ತ ಇದಕ್ಕೆ ಅಂಟುವುದು ತುಂಬಾ ಅಪರೂಪ. ಆದ್ದರಿಂದ ಇದರಲ್ಲಿ ಬಂದ ಪಾಸಿಟಿವ್‌ಗೆ ಅರೆದ ರಸದ ಪಾಸಿಟಿವ್‌ಗಿಂತ ಜಾಸ್ತಿ ತೂಕವಿದೆ.

ಹಾಗಂತ ಇದು ಎಲ್ಲ ಸಲವೂ ಗೆಲ್ಲುವುದಿಲ್ಲ. ಒಂದೇ ಪ್ರೋಟೀನ್ ಅಲ್ವಾ, ಕೆಲವರ ದೇಹ ಅದಕ್ಕೆ ಆಂಟಿಬಾಡಿಯನ್ನೇ ಮಾಡಿರುವುದಿಲ್ಲ. ಅಂಥವರು ಅರೆದ ರಸದಲ್ಲಿ ಸಿಗುತ್ತಾರೆ, ಇದರಲ್ಲಿ ತಪ್ಪಿಹೋಗುತ್ತಾರೆ. ಅದಕ್ಕೇ ಈಗ ಎಸ್‌ಎಸ್‌ಐಆರ್ ಅನ್ನುವ ಎರಡನೆಯ ಪ್ರೋಟೀನನ್ನೂ ಜೊತೆಗೆ ಸೇರಿಸಿದ ಪರೀಕ್ಷೆಗಳಿವೆ. ಪ್ರೋಟೀನಿನ ಶುದ್ಧಿಯೂ ಮುಖ್ಯ. ಇ. ಕೋಲೈ ವಿರುದ್ಧ ನಮ್ಮೆಲ್ಲರಲ್ಲೂ ಆಂಟಿಬಾಡಿ ಇರುತ್ತದೆ. ಸರಿಯಾಗಿ ಶುದ್ಧವಾಗದ ಬ್ಯಾಚ್‌ನಲ್ಲಿ ಆರೋಗ್ಯವಂತರ ರಕ್ತವೂ ಬಣ್ಣ ತಿರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೊಂದು ಸಂಗತಿ ನನ್ನನ್ನು ಇವತ್ತಿಗೂ ಬೆರಗಾಗಿಸುತ್ತದೆ. ಪ್ರೋಟೀನನ್ನು ಸುಲಭವಾಗಿ ಹಿಡಿದು ತೆಗೆಯಲು ಜಿಎಸ್‌ಟಿ ಅನ್ನುವ ಬಾಲವೊಂದನ್ನು ಅದಕ್ಕೆ ಕಟ್ಟುವ ರೂಢಿಯಿದೆ. ಲ್ಯಾಬ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಆ ಬಾಲ ಬಂದದ್ದೇ ಶಿಸ್ಟೊಸೋಮಾ ಜಪಾನಿಕಂ ಅನ್ನುವ ಇನ್ನೊಂದು ಹುಳುವಿನಿಂದ! ಆ ಹುಳು ತಗುಲಿದವರ ರಕ್ತ ಆಂಟಿಜೆನ್ ಬಿಟ್ಟು ಬಾಲಕ್ಕೇ ಅಂಟಿಕೊಳ್ಳಬಹುದು. ಒಳ್ಳೆಯ ಲ್ಯಾಬ್‌ನವರು ಬರೀ ಬಾಲವನ್ನೂ ಪಕ್ಕದಲ್ಲಿಟ್ಟು ಹೋಲಿಸಿ ನೋಡುತ್ತಾರೆ.

ಆಂಟಿಬಾಡಿ ಇದೆ ಅಂದರೆ ದೇಹಕ್ಕೂ ಈ ಹುಳುವಿಗೂ ಭೇಟಿಯಾಗಿದೆ ಎಂದಷ್ಟೇ ಅರ್ಥ. ಹುಳು ಈಗಲೂ ಇದೆಯಾ ಅನ್ನುವುದನ್ನು ಅದೊಂದೇ ಹೇಳುವುದಿಲ್ಲ. ಆದರೂ ನಿಮ್ಮ ಅಪ್ಪನ ವಿಷಯದಲ್ಲಿ ನಾನು ಇದೆ ಅಂತಲೇ ಹಿಡಿಯುತ್ತಿದ್ದೆ. ಈ ಹುಳು ತಾನಾಗಿ ಹೋಗುವುದು ಕಡಿಮೆ. ಸ್ಟೀರಾಯ್ಡ್ ಕೊಟ್ಟಾಗ ಮರಿಗಳು ವಿಪರೀತ ಹೆಚ್ಚಿ, ಶ್ವಾಸಕೋಶಕ್ಕೂ ಬೇರೆ ಅಂಗಗಳಿಗೂ ನುಗ್ಗಬಹುದು. ಜೊತೆಗೆ ಕರುಳಿನ ಬ್ಯಾಕ್ಟೀರಿಯಾವನ್ನು ರಕ್ತಕ್ಕೆ ಒಯ್ಯುತ್ತವೆ. ಆ ಹಂತ ತಲುಪಿದವರಲ್ಲಿ ತುಂಬಾ ಜನ ಉಳಿಯುವುದಿಲ್ಲ.

ಸ್ಟೀರಾಯ್ಡ್ ಈಗಾಗಲೇ ಶುರುವಾಗಿದ್ದರೆ ನೀವಾಗಿ ನಿಲ್ಲಿಸಬೇಡಿ, ಇವತ್ತೇ ವೈದ್ಯರಿಗೆ ವರದಿ ತೋರಿಸಿ. ಸಾಮಾನ್ಯವಾಗಿ ಐವರ್‌ಮೆಕ್ಟಿನ್ ಕೊಡುತ್ತಾರೆ. ಅಪ್ಪ ಮಧ್ಯ ಅಥವಾ ಪಶ್ಚಿಮ ಆಫ್ರಿಕಾದಲ್ಲಿ ಇದ್ದುಬಂದಿದ್ದರೆ ಅದನ್ನು ತಪ್ಪದೆ ಹೇಳಿ. ಅಲ್ಲಿನ ಲೋವಾ ಲೋವಾ ಹುಳು ರಕ್ತದಲ್ಲಿ ಜಾಸ್ತಿ ಇದ್ದರೆ ಇದೇ ಮಾತ್ರೆ ಮೆದುಳಿಗೆ ಅಪಾಯ ತರಬಲ್ಲದು. ವರದಿಯಲ್ಲಿರುವ ಆಂಟಿಬಾಡಿ ಮಟ್ಟದ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಚಿಕಿತ್ಸೆ ಫಲಿಸಿದರೆ 6ರಿಂದ 12 ತಿಂಗಳಲ್ಲಿ ಅದು ಚೆನ್ನಾಗಿ ಇಳಿಯಬೇಕು. ಆಗ ಅದೇ ಲ್ಯಾಬ್‌ನಲ್ಲಿ, ಅದೇ ಆಂಟಿಜೆನ್ನಿನ ಪರೀಕ್ಷೆಯನ್ನೇ ಮಾಡಿಸಿ. ಬೇರೆ ಕಡೆ ಮಾಡಿಸಿದರೆ ಎರಡು ಸಂಖ್ಯೆಗಳನ್ನು ಹೋಲಿಸಲು ಬರುವುದಿಲ್ಲ.