ಉ: ದಿನಾ 8 ಕಿ.ಮೀ. ಓಡಿದ್ರೂ ಕ್ಲಾಸಲ್ಲಿ ನಿದ್ದೆ, ಯಾವ ಪ್ರೀ-ವರ್ಕೌಟ್ ತಗೊಳ್ಳಲಿ?

ತಮ್ಮಾ, ನಿನ್ನ ಪೋಸ್ಟ್ ಎರಡು ಸಲ ಓದಿದೆ. ಥರ್ಡ್ ಸೆಮ್, ಹಾಸ್ಟೆಲ್, ರಾತ್ರಿ 1ಕ್ಕೆ ಮಲಗೋದು, 4.45ಕ್ಕೆ ಅಲಾರಂ, ಏಳೂ ದಿನ 8 ಕಿ.ಮೀ. ಓಟ. ಮೂರು ವಾರ ಆದ್ರೂ ಮಧ್ಯಾಹ್ನದ ಕ್ಲಾಸಲ್ಲಿ ಕಣ್ಣು ಬಿಡೋಕಾಗ್ತಿಲ್ಲ, ಯಾವ ಪ್ರೀ-ವರ್ಕೌಟ್ (ಕಸರತ್ತಿಗೆ ಮುಂಚೆ ಚುರುಕಾಗೋಕೆ ತಗೊಳ್ಳೋ ಪುಡಿ) ಒಳ್ಳೇದು ಅಂತ ಕೇಳಿದ್ದೀಯ. ಕೆಳಗೆ ನಾಲ್ಕು ಜನ ನಾಲ್ಕು ಡಬ್ಬಿ ಹೆಸರು ಬರೆದಿದ್ದಾರೆ. ಒಬ್ಬರಂತೂ "ಇನ್ನೊಂದು ತಿಂಗಳು ಎಳಿ ಬ್ರೋ, ಬಾಡಿ ಸೆಟ್ ಆಗುತ್ತೆ" ಅಂದಿದ್ದಾರೆ. ನಿದ್ದೆ ಎಷ್ಟಪ್ಪಾ ಅಂತ ಒಬ್ಬರೂ ಕೇಳಿಲ್ಲ. ಲೆಕ್ಕ ಹಾಕು: ಮೂರೂ ಮುಕ್ಕಾಲು ಗಂಟೆ.

ಯಾವ ಡಬ್ಬೀನೂ ಬೇಡ. 2011ರಲ್ಲಿ ಮೈಸೂರಲ್ಲಿ ಓದುವಾಗ ಇದೇ ಘನಕಾರ್ಯ ನಾನೂ ಮಾಡಿದ್ದೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ನಂದು ಬೆಟ್ಟ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ದಿನಾ ಬೆಳಗ್ಗೆ ರೂಮಿನ ಮೂವರು. ನಂದಿ ಹತ್ರ ನಿಂತು ಉಸಿರು ತಗೊಂಡವನು ಅವತ್ತಿನ ಟೀ ದುಡ್ಡು ಕೊಡಬೇಕು ಅನ್ನೋದು ರೂಲು. ಜೇಬಲ್ಲಿ ದುಡ್ಡಿರ್ತಿರ್ಲಿಲ್ಲ, ಹಾಗಾಗಿ ನಾನು ನಿಲ್ತಿರ್ಲಿಲ್ಲ. ರಾತ್ರಿ ಒಂದರ ತನಕ ಲ್ಯಾಬ್ ರೆಕಾರ್ಡ್ ಬರೆಯೋದು, ನಾಲ್ಕೂವರೆಗೆ ಏಳೋದು. ಮೊದಲ ವಾರ ರಾಜನ ಥರ ಇದ್ದೆ. ಎರಡನೇ ವಾರ ಲ್ಯಾಬಲ್ಲಿ ನಿಂತ್ರೆ ತೊಡೆ ನಡುಗೋದು. (ಹತ್ತೋದಕ್ಕಿಂತ ಇಳಿಯೋದೇ ತೊಡೆಗೆ ಹೊಡೆತ ಅನ್ನೋದು ಆಗ ಗೊತ್ತಿರ್ಲಿಲ್ಲ.) ಮೂರನೇ ವಾರ ಎಂ-ತ್ರೀ, ಅಂದ್ರೆ ಥರ್ಡ್ ಸೆಮ್ ಗಣಿತದ ಇಂಟರ್ನಲ್ಸ್. ಮೊದಲನೇ ಪ್ರಶ್ನೆ ಫೂರಿಯೆ ಸೀರೀಸ್, ಬರೋ ಲೆಕ್ಕಾನೇ. ಯಾರೋ ಭುಜ ತಟ್ಟಿದಂಗಾಯ್ತು. ಕಣ್ಣು ಬಿಟ್ರೆ ಮೇಡಂ ಪಕ್ಕದಲ್ಲಿ ನಿಂತಿದ್ದಾರೆ. ಎರಡನೇ ಸಾಲಿನ ಕೊನೆಯಿಂದ ಪೆನ್ನಿನ ಗೆರೆ ಹಾವಿನ ಥರ ಕೆಳಗಿಳಿದು, ಮಾರ್ಜಿನ್ ದಾಟಿ, ಡೆಸ್ಕ್ ಮೇಲೆ ಹೋಗಿದೆ. ಅಂಗೈಯಲ್ಲೆಲ್ಲ ನೀಲಿ ಇಂಕು. 25ಕ್ಕೆ 6 ಬಂತು. ನಾನೇನ್ ಮಾಡಿದೆ ಗೊತ್ತಾ? ಸ್ಟ್ಯಾಮಿನಾ ಕಮ್ಮಿ ಇದೆ ಅಂದ್ಕೊಂಡು ಮಾರನೇ ದಿನದಿಂದ ಬೆಟ್ಟ ಇಳಿದ್ಮೇಲೆ ಪುಷ್-ಅಪ್ ಸೇರಿಸ್ದೆ! ನಿನ್ನ "10 ಕಿ.ಮೀ.ಗೆ ಏರಿಸಿದ್ರೆ ಸರಿಹೋಗುತ್ತಾ" ಅನ್ನೋ ಸಾಲು ನೋಡಿ ಅದೇ ನೆನಪಾಯ್ತು. ಏರಿಸಬೇಡ.

ನಿಂದು 8 ಕಿ.ಮೀ.ಗೆ 50 ನಿಮಿಷ ಅಂದ್ರೂ ವಾರಕ್ಕೆ 350 ನಿಮಿಷ, ಅದೂ ನೀನೇ ಹೇಳಿದಂಗೆ "ನಾಲಿಗೆ ಹೊರಗೆ ಬರೋ ಸ್ಪೀಡಲ್ಲಿ". ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿರೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಕಸರತ್ತು, ಇಲ್ಲಾ 75ರಿಂದ 150 ನಿಮಿಷ ಜೋರಿಂದು, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಅದಕ್ಕಿಂತ ಜಾಸ್ತಿ ಮಾಡೋರು ಈ ಗುಂಪಲ್ಲೇ ಬೇಕಾದಷ್ಟು ಜನ ಇದ್ದಾರೆ, ಆದ್ರೆ ಅವರು ವರ್ಷಗಟ್ಟಲೆ ಮೈ ಪಳಗಿಸಿದವರು. ನಿಂದು ಮೂರು ವಾರದ ಕಾಲು.

ಇನ್ನೊಂದು ವಿಷಯ, ಇದು ಇಲ್ಲಿನ "ನೋ ಪೇನ್ ನೋ ಗೇನ್" ಅಣ್ಣಂದಿರಿಗೂ ಸೇರಿ. 2008ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದವರು, ಯಾವಾಗಲೂ ಸುಸ್ತು ಅನ್ನೋ, ವ್ಯಾಯಾಮದ ಅಭ್ಯಾಸ ಇಲ್ಲದ ಯುವಕ ಯುವತಿಯರನ್ನ ಆರು ವಾರ ಸೈಕಲ್ ತುಳಿಸಿದ್ರು. ವಾರಕ್ಕೆ ಮೂರೇ ದಿನ, ದಿನಕ್ಕೆ 20 ನಿಮಿಷ. ಒಂದು ತಂಡ ಆರಾಮಾಗಿ, ಇನ್ನೊಂದು ಸ್ವಲ್ಪ ಜೋರಾಗಿ. ಎರಡೂ ತಂಡದಲ್ಲಿ ಎನರ್ಜಿ ಶೇ. 20ರಷ್ಟು ಏರಿತು. ಸುಸ್ತು ಕಮ್ಮಿಯಾಗಿದ್ದು ಮಾತ್ರ ಜೋರು ತಂಡದಲ್ಲಿ ಶೇ. 49, ಆರಾಮದ ತಂಡದಲ್ಲಿ ಶೇ. 65. 36 ಜನರ ಸಣ್ಣ ಪ್ರಯೋಗ, ವೇದವಾಕ್ಯ ಅಂತ ಹಿಡ್ಕೊಳ್ಳೋದು ಬೇಡ. ಆದ್ರೆ ನನ್ನ ಅನುಭವಕ್ಕೆ ತಾಳೆ ಆಗುತ್ತೆ.

ಈಗ ನಂಗೆ ಕೆಲಸ ಮಾಡಿದ್ದು.

ಮೊಣಕಾಲ ಕೆಳಗಿನ ಮೂಳೆಯ ಒಳಪಕ್ಕ ಮುಟ್ಟಿದ್ರೆ ನೋವು ಶುರುವಾಗಿ ಬೆಟ್ಟ ತಾನಾಗೇ ನಿಂತಿತು. ಎರಡು ವಾರ ಏನೂ ಮಾಡ್ಲಿಲ್ಲ. ಆಮೇಲೆ ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡಿಗೆ, ಮಧ್ಯೆ ಮಧ್ಯೆ ಸಣ್ಣ ಓಟ. ಸ್ಪೀಡ್ ಹಿಡಿತದಲ್ಲಿಡೋಕೆ ವಾಚ್ ಇರ್ಲಿಲ್ಲ. ಮಾತಾಡೋಕಾಗೋ ಸ್ಪೀಡಲ್ಲಿ ಓಡಬೇಕು ಅಂತ ಎಲ್ಲರೂ ಹೇಳ್ತಾರೆ, ಒಬ್ಬನೇ ಓಡುವಾಗ ಯಾರ ಹತ್ರ ಮಾತಾಡ್ಲಿ? ಹಾಗಾಗಿ ಫಾರ್ಮುಲಾ ಹೇಳ್ಕೊಂಡು ಓಡೋಕೆ ಶುರು ಮಾಡಿದೆ, ಗಟ್ಟಿಯಾಗಿ. ಒಂದು ಫಾರ್ಮುಲಾ ಒಂದೇ ಉಸಿರಲ್ಲಿ ಪೂರ್ತಿ ಬಂದ್ರೆ ಸ್ಪೀಡ್ ಸರಿ. ಮಧ್ಯದಲ್ಲಿ ಉಸಿರು ಕಟ್ಟಿದ್ರೆ ನಡಿ. ಪೂರ್ತಿ ಹೇಳಿ ಇನ್ನೊಂದು ಶುರು ಮಾಡುವಷ್ಟು ಉಸಿರು ಉಳಿದಿದ್ರೆ ಸ್ವಲ್ಪ ಏರಿಸು. ಒಂದಿನ "ಇಂಟಿಗ್ರಲ್ ಯು ಡಿವಿ ಈಸ್ ಈಕ್ವಲ್ ಟು ಯು ವಿ ಪ್ಲಸ್..." ಅಂತ ಹೋಗ್ತಿದ್ದೆ. ಎದುರಿಂದ ಮಂಕಿ ಕ್ಯಾಪ್ ಹಾಕ್ಕೊಂಡು ವಾಕಿಂಗ್ ಬರ್ತಿದ್ದ ಯಜಮಾನರೊಬ್ಬರು ಊರುಗೋಲು ಎತ್ತಿ "ಮೈನಸ್ಸು ಕಣಯ್ಯಾ, ಮೈನಸ್ಸು!" ಅಂದ್ಬಿಟ್ರು. ಆ ಮೈನಸ್ ಇವತ್ತಿಗೂ ಮರೆತಿಲ್ಲ. ಆಮೇಲಿಂದ ದಿನಾ ಸಿಗೋರು, "ಇವತ್ತು ಯಾವ ಪಾಠ?" ಅಂತ ಕೇಳೋರು. ಲಾಪ್ಲಾಸ್ ಟೇಬಲ್ ಪೂರ್ತಿ ಆ ಏರಿ ಮೇಲೇ ಬಾಯಿಪಾಠ ಆಗಿದ್ದು. ಇಯರ್‌ಫೋನ್ ಹಾಕ್ಕೊಂಡು ಫಾಸ್ಟ್ ಬೀಟಿಗೆ ಕಾಲು ಹಾಕೋರೇ, ನಿಮ್ಮ ಉಸಿರು ನಿಮಗೇ ಕೇಳಿಸಲ್ಲ, ನೆನಪಿರಲಿ. ಓಟದ ಲೆಕ್ಕ ಇಡೋ ಸ್ಟ್ರಾವಾ ಒಳ್ಳೇ ಆಪ್, ನಾನೂ ಬಳಸ್ತೀನಿ, ಆದ್ರೆ ಸೆಮಿಸ್ಟರ್ ಮಧ್ಯೆ ರೂಮ್‌ಮೇಟ್ ಪೇಸ್ ನೋಡಿ ಹೊಟ್ಟೆ ಉರ್ಕೊಳ್ಳೋರಿಗೆ ಅದು ಬೇಡ.

ಸಂಜೆ ಯಾಕೆ ಅಂದ್ರೆ, ಬೆಳಗ್ಗೆಯ ಓಟ ನಿದ್ದೆ ಕದ್ದು ಮಾಡಿದ್ದು. ಹತ್ತೂವರೆಗೆ ಮಲಗೋ ಹುಡುಗ ಐದೂವರೆಗೆ ಎದ್ದು ಓಡ್ಲಿ, ನನ್ನ ತಕರಾರಿಲ್ಲ. ಹಾಸ್ಟೆಲಲ್ಲಿ ಹತ್ತೂವರೆಗೆ ಯಾರು ಲೈಟ್ ಆರಿಸ್ತಾರೆ ಹೇಳು. ನಾನು ಕಾಲೇಜ್ ಬಿಟ್ಟು ಐದೂಕಾಲಿಗೆ ಶುರು ಮಾಡಿ ಆರರೊಳಗೆ ಮುಗಿಸ್ತಿದ್ದೆ, ಸ್ನಾನ, ಏನಾದ್ರೂ ತಿಂಡಿ, ಏಳಕ್ಕೆ ಪುಸ್ತಕ. ಆ ಏಳರಿಂದ ಎಂಟೂವರೆ ಇತ್ತಲ್ಲ, ಅಷ್ಟರಲ್ಲಿ ಆಗ್ತಿದ್ದ ಓದು ಮೊದಲು ಹನ್ನೊಂದರಿಂದ ಒಂದರ ತನಕ ಕಣ್ಣು ಉಜ್ಜಿಕೊಂಡು ಕೂತ್ರೂ ಆಗ್ತಿರ್ಲಿಲ್ಲ. ಅದಕ್ಕೇ ಹನ್ನೊಂದಕ್ಕೆ ಮಲಗೋದು ಸಾಧ್ಯವಾಯ್ತು. ಓಟದಿಂದ ಸಿಕ್ಕ ನಿಜವಾದ ಲಾಭ ಇದೇ. ಒಂದೇ ವಾರದಲ್ಲಿ ಗೊತ್ತಾಗಲ್ಲ, ನಂಗೆ ಐದಾರು ವಾರ ಹಿಡೀತು. ಊಟ ಆದ್ಮೇಲಿನ ಎರಡು ಗಂಟೆಯ ಕ್ಲಾಸಲ್ಲಿ ಎಚ್ಚರ ಇದ್ದೀನಿ ಅನ್ನೋದು ಮೊದಲು ಗೊತ್ತಾಗಿದ್ದು ಪಕ್ಕದವನಿಗೆ, ಅವನು ನನ್ನ ನೋಟ್ಸ್ ಕೇಳಿದಾಗ.

ಡಬ್ಬಿ ವಿಷಯ. ಪ್ರೀ-ವರ್ಕೌಟ್ ಅಂದ್ರೆ ಮುಖ್ಯವಾಗಿ ಕೆಫೀನ್. ಒಂದು ಚಮಚದಲ್ಲಿ 200 ಮಿ.ಗ್ರಾಂ. ಇರೋದು ಮಾಮೂಲು. ರೆಡ್ ಬುಲ್ಲಿನ 250 ಎಂಎಲ್ ಕ್ಯಾನಲ್ಲೇ ಇರೋದು 75-80. ಕೆಫೀನ್ ಅರ್ಧಕ್ಕಿಳಿಯೋಕೆ ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ 200 ತಗೊಂಡ್ರೆ ರಾತ್ರಿ ಹತ್ತಕ್ಕೂ 100 ಒಳಗೇ ಇರುತ್ತೆ. ಆಮೇಲೆ "ನಿದ್ದೇನೇ ಬರಲ್ಲ ಅಣ್ಣಾ" ಅಂತ ಇನ್ನೊಂದು ಪೋಸ್ಟ್ ಹಾಕ್ತೀಯ. ಬೇಕಿದ್ರೆ ಬೆಳಗ್ಗೆ ಒಂದು ಫಿಲ್ಟರ್ ಕಾಫಿ ಕುಡಿ, ಮಧ್ಯಾಹ್ನ ಮೂರರ ಮೇಲೆ ಮುಟ್ಟಬೇಡ. ಪ್ರೋಟೀನ್ ಪುಡಿಗೂ ಅವಸರ ಇಲ್ಲ. ನಾನೊಮ್ಮೆ ಅರ್ಧ ಬೆಲೆಗೆ ಸಿಗ್ತು ಅಂತ ಒಂದು ಅಂಗಡಿಯಿಂದ ಸೀಲ್ ಸರಿ ಇಲ್ಲದ ಡಬ್ಬಿ ತಂದು ವಾರ ಪೂರ್ತಿ ಬಾತ್‌ರೂಮಲ್ಲಿದ್ದೆ. 100 ಗ್ರಾಂ ಕಡಲೇಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಒಂದು ಮೊಟ್ಟೇಲಿ ಆರು. ಮೆಸ್ಸಿನ ಚಿತ್ರಾನ್ನದಲ್ಲಿ ಬೀಜ ಹುಡುಕೋ ಬದಲು ಒಂದು ಡಬ್ಬ ರೂಮಲ್ಲಿಟ್ಕೊ. ಓಡೋ ಮುಂಚೆ ಎರಡು ಏಲಕ್ಕಿ ಬಾಳೆಹಣ್ಣು ಸಾಕು. ಖಾಲಿ ಹೊಟ್ಟೇಲಿ 8 ಕಿ.ಮೀ. ಓಡಿ, ಮೆಸ್ ತಿಂಡಿ ತಪ್ಪಿಸ್ಕೊಂಡು ಕ್ಲಾಸಿಗೆ ಓಡ್ತೀನಿ ಅಂತಾನೂ ಬರೆದಿದ್ದೀಯಲ್ಲ, ಅದಕ್ಕೆ ಬೈದ್ರೆ ಪೋಸ್ಟ್ ಇನ್ನೂ ಉದ್ದ ಆಗುತ್ತೆ.

ಒಂದು ಅಭ್ಯಾಸ ಮಾತ್ರ ಮಾಡ್ಕೊ. ಬೆಳಗ್ಗೆ ಎದ್ದ ತಕ್ಷಣ, ಮೊಬೈಲ್ ನೋಡೋ ಮುಂಚೆ, ಮಣಿಕಟ್ಟು ಹಿಡಿದು ನಾಡಿ ಎಣಿಸಿ ಬರೆದಿಡು. ನಂದು ಮಾಮೂಲಿ 60ರ ಆಸುಪಾಸು, ಬೆಟ್ಟದ ಮೂರನೇ ವಾರ 72 ಆಗಿತ್ತು. ಈಗಲೂ ಎಂಟು-ಹತ್ತು ಏರಿದ್ರೆ ಅವತ್ತು ನಡಿಗೆ ಅಷ್ಟೇ. ಜ್ವರ ಬರೋ ಮುಂಚೆಯೂ, ನಿದ್ದೆಗೆಟ್ಟಾಗಲೂ ಏರುತ್ತೆ, ಹಾಗಾಗಿ ಒಂದೇ ದಿನ ನೋಡಿ ಗಾಬರಿ ಬೀಳಬೇಡ.

ಹುಷಾರಿನ ಮಾತು ಹೇಳದಿದ್ರೆ ನಮ್ಮ ಗುಂಪಿನ ಡಾಕ್ಟ್ರು ಅಕ್ಕ ಬಂದು ನಂಗೆ ಬೈತಾರೆ. ಓಡುವಾಗ ಎದೆನೋವು, ಕಣ್ಣು ಕತ್ತಲೆ, ಎದೆಬಡಿತ ತಪ್ಪಿದಂಗಾಗೋದು ಇದ್ರೆ ಗುಂಪಲ್ಲಿ ಕೇಳಬೇಡ, ಆಸ್ಪತ್ರೆಗೆ ಹೋಗು. ಒಂದು ತಿಂಗಳು ಚೆನ್ನಾಗಿ ನಿದ್ದೆ ಮಾಡಿ, ಓಟ ಕಮ್ಮಿ ಮಾಡಿದ್ರೂ ಸುಸ್ತು ಹೋಗದಿದ್ರೆ ಹಿಮೋಗ್ಲೋಬಿನ್, ಥೈರಾಯ್ಡ್, ಸಸ್ಯಾಹಾರಿ ಆದ್ರೆ ಬಿ-12 ಕೂಡ ನೋಡಿಸು. ಇದು ಗುಂಪಿನ ಹುಡುಗೀರಿಗೆ ಇನ್ನೂ ಮುಖ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 49ರ ಹೆಣ್ಣುಮಕ್ಕಳಲ್ಲಿ ಶೇ. 57 ಜನಕ್ಕೆ ರಕ್ತಹೀನತೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿಟ್ಕೊಂಡು "ನಂಗೆ ಸ್ಟ್ಯಾಮಿನಾ ಇಲ್ಲ" ಅಂತ ತಮ್ಮನ್ನೇ ಬೈಕೊಳ್ಳಬೇಡ್ರಮ್ಮಾ.

ಪರೀಕ್ಷೆ ಬಂತು ಅಂತ ಪೂರ್ತಿ ನಿಲ್ಲಿಸೋದೂ ತಪ್ಪು, ಫಿಫ್ತ್ ಸೆಮ್‌ನಲ್ಲಿ ಅದನ್ನೂ ಮಾಡಿ ನೋಡಿದ್ದೀನಿ. ಸ್ಟಡಿ ಹಾಲಿಡೇಸಲ್ಲಿ 20 ನಿಮಿಷ ನಡಿ, ಸಾಕು. ಮಳೆ ಬಂದ್ರೆ ಹಾಸ್ಟೆಲ್ ಮೆಟ್ಟಿಲು ಹತ್ತಿಳಿ. ಮೈಸೂರಿನವರಿಗೆ: ಕತ್ತಲಲ್ಲಿ ಬೆಟ್ಟ ಹತ್ತಬೇಡಿ, ಅದು ಚಿರತೆ ಇರೋ ಕಾಡು, ನಾವು ಮೂವರೂ ಬದುಕಿದ್ದು ಅದೃಷ್ಟ. ಶೂಗೆ ಎಂಟು ಸಾವಿರ ಸುರಿಯೋದು ಬೇಡ, ಶುರುವಿಗೆ ನಿವಿಯಾ ಕಂಪನಿಯ ಶೂನೇ ಸಾಕು. ಬೆರಳ ಮುಂದೆ ಅರ್ಧ ಇಂಚು ಜಾಗ ಇರಬೇಕು ಅಷ್ಟೇ. ಒದ್ದೆಯಾದ್ರೆ ಬಿಸಿಲಿಗಿಡಬೇಡ, ಅಂಟು ಬಿಡುತ್ತೆ. ಹಳೇ ಪೇಪರ್ ತುರುಕಿ ಫ್ಯಾನ್ ಕೆಳಗಿಡು.

ಈ ವಾರ ಓಟ ಬಿಟ್ಟು ಬರೀ ನಿದ್ದೆ ಮಾಡು. ಮುಂದಿನ ಸೋಮವಾರದಿಂದ ಸಂಜೆ 25 ನಿಮಿಷ, ದಿನ ಬಿಟ್ಟು ದಿನ. ನಾಡಿ ಲೆಕ್ಕ ಇಲ್ಲೇ ಹಾಕು, ನೋಡ್ತೀನಿ. ಅಂದ ಹಾಗೆ, ರಾತ್ರಿ ಒಂದರ ತನಕ ಎಚ್ಚರ ಇರೋದು ಓದೋಕಾ, ಇಲ್ಲಾ ರೂಮ್‌ಮೇಟ್ ಗೇಮ್ ಆಡ್ತಾನೆ ಅಂತಾನಾ? ಅದನ್ನ ನೀನು ಬರೆದೇ ಇಲ್ಲ.