ಕೈಕೆಲಸ: ಪ್ರಶ್ನೋತ್ತರ — ‘ಸ್ವಲ್ಪ ದೂರ’ ಎಂದರೆ ಎಷ್ಟು ದೂರ?

ಪ್ರಶ್ನೆ: ಹಲವು ವರ್ಷಗಳಿಂದ ಮನೆಯಲ್ಲಿಯೇ ಸೀರೆಗಳಿಗೆ ಕ್ರೋಶಾ ಕುಚ್ಚು ಹಾಕಿಕೊಡುತ್ತಿದ್ದೇನೆ. ನಮ್ಮ ಸ್ವಸಹಾಯ ಸಂಘದವರು ಕಲಿಸಿಕೊಡಿ ಎಂದು ಕೇಳಿದ್ದರಿಂದ, ಸುಲಭದ ಒಂದು ಮಾದರಿಯನ್ನು ಆರು ಫೋಟೊಗಳೊಂದಿಗೆ ಹಂತ ಹಂತವಾಗಿ ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದೆ. ಒಬ್ಬರ ಸೆರಗು ಸುಕ್ಕುಗಟ್ಟಿತು, ಇನ್ನೊಬ್ಬರ ಕಮಾನುಗಳು ಜೋತುಬಿದ್ದವು, ಮತ್ತೊಬ್ಬರಿಗೆ ಮಣಿಯನ್ನು ಸೇರಿಸುವುದಕ್ಕೇ ಆಗಲಿಲ್ಲ. ಬರೆದದ್ದರಲ್ಲಿ ತಪ್ಪಿದೆಯೆಂದು ನನಗೆ ಅನ್ನಿಸುತ್ತಿಲ್ಲ. ಬರಹವನ್ನು ಇದರೊಂದಿಗೆ ಇಟ್ಟಿದ್ದೇನೆ, ನೋಡಿ ಹೇಳುವಿರಾ?
— ಗೃಹಿಣಿ, ಸುಭಾಷ್ ನಗರ, ಮಂಡ್ಯ

ಉತ್ತರ: ನಿಮ್ಮ ಬರಹದಲ್ಲಿ ತಪ್ಪಿಲ್ಲ; ಆದರೆ ನಿಮ್ಮ ಕೈಗೆ ಗೊತ್ತಿರುವ ಅನೇಕ ಸಂಗತಿಗಳು ಅದರಲ್ಲಿ ಇಲ್ಲ. “ಅಂಚಿಗೆ ದಾರ ಕಟ್ಟಿ, ಐದು ಚೈನ್ ಹಾಕಿ, ಮಣಿ ಸೇರಿಸಿ, ಸ್ವಲ್ಪ ದೂರದಲ್ಲಿ ಲಾಕ್ ಮಾಡಿ, ಹೀಗೆಯೇ ಮುಂದುವರಿಸಿ” ಎಂಬ ನಿಮ್ಮ ಮುಖ್ಯ ವಾಕ್ಯವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಮೂವರು ಎಡವಿದ್ದೂ ಈ ಒಂದೇ ವಾಕ್ಯದಲ್ಲಿ. (ಹೊಸಬರಿಗಾಗಿ: ಚೈನ್ ಎಂದರೆ ಕಡ್ಡಿಯಿಂದ ಒಂದರೊಳಗೊಂದು ಎಳೆಯುವ ಕುಣಿಕೆ, ಲಾಕ್ ಎಂದರೆ ಆ ಸರಣಿಯನ್ನು ಬಟ್ಟೆಯ ಅಂಚಿಗೆ ಬಿಗಿಯುವುದು, ಎರಡು ಲಾಕ್‌ಗಳ ನಡುವಿನ ಚೈನುಗಳೇ ಕಮಾನು.)

ಸೆರಗು ಸುಕ್ಕಾಗುವುದು ಚೈನಿನ ಉದ್ದವು ಎರಡು ಲಾಕ್‌ಗಳ ನಡುವಿನ ಅಂತರಕ್ಕಿಂತ ಕಡಿಮೆಯಾದಾಗ. ಕಮಾನು ಜೋತುಬೀಳುವುದು ಅದು ಅತಿಯಾಗಿ ಹೆಚ್ಚಾದಾಗ. ಐದು ಚೈನ್ ಎಂಬುದು ಅಳತೆಯಲ್ಲ, ಎಣಿಕೆ ಮಾತ್ರ. ಬಿಗಿಯಾಗಿ ಹಾಕುವವರ ಐದು ಚೈನ್ ಮತ್ತು ಸಡಿಲವಾಗಿ ಹಾಕುವವರ ಐದು ಚೈನ್ ಒಂದೇ ಉದ್ದ ಬರುವುದಿಲ್ಲ. ದಾರದಲ್ಲಿ ಎಷ್ಟು ಎಳೆಗಳಿವೆ, ಕಡ್ಡಿ ಎಷ್ಟು ಮಿಲಿಮೀಟರಿನದು ಎಂಬುದರ ಮೇಲೂ ಅದು ಬದಲಾಗುತ್ತದೆ. ಆದ್ದರಿಂದ “ಲಾಕ್‌ಗಳ ನಡುವೆ 2 ಸೆಂ.ಮೀ. ಅಂತರವಿರಲಿ, ಸುಮಾರು 2.5 ಸೆಂ.ಮೀ. ಉದ್ದ ಬರುವಷ್ಟು ಚೈನ್ ಹಾಕಿ, ನನ್ನ ಕೈಗೆ ಅದು ಐದು ಆಗುತ್ತದೆ” ಎಂದು ಬರೆಯಿರಿ. ಅಂಕಿಗಳು ನಿಮ್ಮ ಮಾದರಿಯನ್ನು ಅಳೆದು ಬಂದವಾಗಿರಲಿ. ನಾನು ಉದಾಹರಣೆಗಷ್ಟೇ ಹೇಳಿದ್ದೇನೆ. ಆಗ ಓದುವವರ ಕೈಗೆ ಆರು ಬೇಕಾದರೆ ಅವರೇ ಆರು ಹಾಕಿಕೊಳ್ಳುತ್ತಾರೆ.

ಇನ್ನು ಮಣಿಯ ವಿಚಾರ. ಮಣಿ ಕೂತ ಚೈನ್ ಆ ಐದರಲ್ಲಿ ಸೇರಿದೆಯೋ, ಆರನೆಯದೋ? ಫೋಟೊ ನೋಡಿ ನನಗೂ ತಿಳಿಯಲಿಲ್ಲ. ಕಡ್ಡಿಯ ಮೂತಿ ಮಣಿಯ ತೂತಿನಲ್ಲಿ ಹೋಗುವಂತಿದ್ದರೆ ಕುಣಿಕೆಯನ್ನು ಅದರೊಳಗಿಂದ ಎಳೆದುಕೊಳ್ಳಬಹುದು. ಹೋಗದಿದ್ದರೆ ಎಲ್ಲ ಮಣಿಗಳನ್ನೂ ಮೊದಲೇ ದಾರಕ್ಕೆ ಪೋಣಿಸಿಟ್ಟುಕೊಂಡು ಒಂದೊಂದಾಗಿ ಮೇಲಕ್ಕೆ ತಳ್ಳಿಕೊಳ್ಳಬೇಕು. ನೀವು ಮೊದಲನೆಯ ರೀತಿಯಲ್ಲಿ ಮಾಡುತ್ತೀರಿ, ನಿಮ್ಮ ಸಂಘದವರು ಕೊಂಡುತಂದದ್ದು ಸಣ್ಣ ತೂತಿನ ಮಣಿ ಎಂದು ನನ್ನ ಊಹೆ. ಸಾಮಗ್ರಿಗಳ ಪಟ್ಟಿಯಲ್ಲಿ ‘ಮಣಿ’ ಎಂದಷ್ಟೇ ಇದ್ದರೆ ಅವರನ್ನು ದೂರುವಂತಿಲ್ಲ. ಅದೇ ಪಟ್ಟಿಯಲ್ಲಿ ಎಷ್ಟು ಮಣಿ ಬೇಕೆಂಬ ಲೆಕ್ಕವೂ ಇರಲಿ: ಸೆರಗಿನ ಅಗಲ 116 ಸೆಂ.ಮೀ. ಇದ್ದು ಅಂತರ 2 ಸೆಂ.ಮೀ. ಆದರೆ 58 ಕಮಾನುಗಳಾಗುತ್ತವೆ, ಕಮಾನಿಗೊಂದರಂತೆ 58 ಮಣಿ, ಒಡೆದುಹೋಗುವುದಕ್ಕೆಂದು ಏಳೆಂಟು ಹೆಚ್ಚು. ಸೆರಗಿನ ಅಂಚನ್ನು ಮೊದಲೇ ಮಡಿಚಿ ಹೊಲಿದಿರಬೇಕೆಂಬುದನ್ನು ನೀವು ಬರೆದೇ ಇಲ್ಲ. ನಿಮ್ಮ ಬಳಿಗೆ ಬರುವ ಸೀರೆಗಳು ಹೊಲಿಸಿಕೊಂಡೇ ಬರುತ್ತವೇನೋ.

ಅಡುಗೆಯವರು ‘ರುಚಿಗೆ ತಕ್ಕಷ್ಟು ಉಪ್ಪು’ ಎಂದು ಬರೆದು ಪಾರಾಗುತ್ತಾರೆ, ಏಕೆಂದರೆ ಒಲೆಯ ಮೇಲಿರುವಾಗಲೇ ರುಚಿ ನೋಡಬಹುದು. ಕುಚ್ಚಿನಲ್ಲಿ ಹಾಗಲ್ಲ, ಅರ್ಧ ಸೆರಗು ಮುಗಿದ ಮೇಲೆ ತಪ್ಪು ಕಾಣಿಸುತ್ತದೆ. ಹಾಗಾಗಿ ಮೂರು ಕಮಾನು ಮುಗಿದೊಡನೆ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ನೋಡಲು ಹೇಳುವ ಒಂದು ಹಂತವನ್ನು ಸೇರಿಸಿ, ಸರಿಯಾದದ್ದು ಹೇಗೆ ಕಾಣುತ್ತದೆ, ಸುಕ್ಕಾದದ್ದು ಹೇಗೆ ಕಾಣುತ್ತದೆ ಎಂಬ ಎರಡು ಫೋಟೊಗಳನ್ನು ಅಕ್ಕಪಕ್ಕದಲ್ಲಿ ಕೊಡಿ. ನಿಮ್ಮ ಆರು ಫೋಟೊಗಳಲ್ಲಿ ಮೂರು ಸಿದ್ಧವಾದ ಕುಚ್ಚಿನವೇ ಆಗಿವೆ. ಅವು ಚೆಂದವಾಗಿವೆ, ಆದರೆ ಕಲಿಯುವವರಿಗೆ ಒಂದು ಸಾಕು.

ಇಂಥ ಬರವಣಿಗೆಗೆ ಮಾದರಿಯನ್ನು ನೀವು ದೂರದಲ್ಲಿ ಹುಡುಕಬೇಕಿಲ್ಲ. ನಮ್ಮ ಪತ್ರಿಕೆಗಳಲ್ಲಿ ಚುಕ್ಕಿ ರಂಗೋಲಿಯ ಕೆಳಗೆ ‘15ರಿಂದ 8, ಸಂದು ಚುಕ್ಕಿ’ ಎಂದು ಅಚ್ಚಾಗಿರುತ್ತದಲ್ಲವೇ? ನಡುವಿನ ಸಾಲಿನಲ್ಲಿ 15 ಚುಕ್ಕಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಪ್ರತಿ ಸಾಲಿನಲ್ಲಿ ಒಂದೊಂದು ಕಡಿಮೆ, ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿನಲ್ಲಿ ಒಂದು, 8 ಬಂದಾಗ ನಿಲ್ಲಿಸುವುದು. ಒಟ್ಟು 15 ಸಾಲು, 169 ಚುಕ್ಕಿ. ಇಷ್ಟೆಲ್ಲವನ್ನೂ ನಾಲ್ಕು ಪದ ಹೇಳಿಬಿಡುತ್ತದೆ. ಅದು ಸಾಧ್ಯವಾಗುವುದು ‘ಸಂದು’ ಎಂದರೇನು, ‘ನೇರ’ ಎಂದರೇನು ಎಂಬುದು ಬರೆದವರಿಗೂ ಅಂಗಳದಲ್ಲಿ ಬಗ್ಗಿ ನಿಂತವರಿಗೂ ಒಂದೇ ಅರ್ಥದಲ್ಲಿ ಗೊತ್ತಿರುವುದರಿಂದ. ಕ್ರೋಶಾದ ಪದಗಳಿಗೆ ಆ ಭಾಗ್ಯವಿಲ್ಲ. ಅಮೆರಿಕದವರು ‘ಸಿಂಗಲ್’ ಎನ್ನುವ ಹೆಣಿಗೆಯನ್ನೇ ಬ್ರಿಟನ್ನಿನವರು ‘ಡಬಲ್’ ಎನ್ನುತ್ತಾರೆ, ಅಮೆರಿಕದವರ ‘ಡಬಲ್’ ಬ್ರಿಟನ್ನಿನವರಿಗೆ ‘ಟ್ರೆಬಲ್’. ನಮ್ಮ ಹೆಣ್ಣುಮಕ್ಕಳು ಎರಡೂ ಕಡೆಯ ವಿಡಿಯೊಗಳನ್ನು ನೋಡಿ ಕಲಿತಿರುತ್ತಾರೆ. ಯಾವ ಪದವನ್ನಾದರೂ ಬಳಸಿ, ಆದರೆ ಮೊದಲ ಸಲ ಬಂದಾಗ ದಾರವನ್ನು ಎಷ್ಟು ಸಲ ಸುತ್ತಿ ಎಷ್ಟು ಕುಣಿಕೆಯಿಂದ ಎಳೆಯಬೇಕೆಂದು ಬಿಡಿಸಿ ಹೇಳಿ.

ತಿದ್ದಿದ ಬರಹವನ್ನು ಮತ್ತೆ ಎಲ್ಲರಿಗೂ ಕಳುಹಿಸುವ ಮೊದಲು ಒಬ್ಬರನ್ನು ಮನೆಗೆ ಕರೆದು, ಕಾಗದವನ್ನು ಕೈಗೆ ಕೊಟ್ಟು, ಪಕ್ಕದಲ್ಲಿ ಕುಳಿತುಕೊಳ್ಳಿ. ಬಾಯಿ ತೆರೆಯಬೇಡಿ, ಇದು ನೀವು ಅಂದುಕೊಂಡಷ್ಟು ಸುಲಭವಲ್ಲ. ಅವರು ಕಾಗದದಿಂದ ತಲೆಯೆತ್ತಿ ನಿಮ್ಮ ಮುಖ ನೋಡುವ ಪ್ರತಿಯೊಂದು ಜಾಗದಲ್ಲಿಯೂ ಒಂದು ವಾಕ್ಯ ಕಾಣೆಯಾಗಿದೆಯೆಂದು ಗುರುತು ಹಾಕಿಕೊಳ್ಳಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 82 ವರ್ಷ. ಅವರು ಮಾಡುವ ಗೆಜ್ಜೆವಸ್ತ್ರ ಬಹಳ ನವುರು. ಅದನ್ನು ದಾಖಲಿಸಿ ಬಂಧುಗಳಿಗೆಲ್ಲ ಹಂಚಬೇಕೆಂದು ಹತ್ತು ನಿಮಿಷದ ವಿಡಿಯೊ ಮಾಡಿದೆವು. ಅದನ್ನು ನೋಡಿ ಯಾರಿಗೂ ಮಾಡಲು ಬರುತ್ತಿಲ್ಲ. ಹೇಗೆ ಮಾಡುವುದೆಂದು ಕೇಳಿದರೆ ಅತ್ತೆಯವರು “ನೋಡ್ಕೊ, ಅಷ್ಟೇ” ಎನ್ನುತ್ತಾರೆ.
— ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು

ಉತ್ತರ: ವಿಡಿಯೊವನ್ನು ಎದುರಿನಿಂದ ತೆಗೆದಿದ್ದೀರೆಂದು ಕಾಣುತ್ತದೆ. ಹಾಗೆ ತೆಗೆದರೆ ನೋಡುವವರ ಪಾಲಿಗೆ ಎಡಗೈ ಬಲಗೈಗಳ ಜಾಗ ಅದಲುಬದಲಾಗಿ, ಪ್ರತಿ ಹೆಜ್ಜೆಯನ್ನೂ ಮನಸ್ಸಿನಲ್ಲಿ ತಿರುಗಿಸಿಕೊಳ್ಳಬೇಕಾಗುತ್ತದೆ. ಅತ್ತೆಯವರ ಹಿಂದೆ ನಿಂತು, ಹೆಗಲ ಮೇಲಿನಿಂದ, ಅವರ ಕೈ ಅವರಿಗೆ ಹೇಗೆ ಕಾಣುತ್ತದೆಯೋ ಹಾಗೆ ಚಿತ್ರಿಸಿ. ಅವರು ಬಲಗೈ ಬಳಸುವವರಾದರೆ ಕಿಟಕಿಯ ಬೆಳಕು ಎಡಗಡೆಯಿಂದ ಬರಲಿ, ಇಲ್ಲದಿದ್ದರೆ ಕೈಯ ನೆರಳು ಹತ್ತಿಯ ಮೇಲೆಯೇ ಬೀಳುತ್ತದೆ. ಬಿಳಿಯ ಹತ್ತಿ ಎದ್ದು ಕಾಣಲು ಕೆಳಗೆ ಕಡುಬಣ್ಣದ ಬಟ್ಟೆ ಹಾಸಿ.

ಆದರೆ ಮುಖ್ಯ ಅಡಚಣೆ ಕ್ಯಾಮೆರಾದ್ದಲ್ಲ. ಅರವತ್ತು ಎಪ್ಪತ್ತು ವರ್ಷ ಮಾಡಿದ ಕೆಲಸವನ್ನು ಬಾಯಲ್ಲಿ ಹೇಳಿ ಎಂದರೆ ಯಾರಿಗೂ ಹೇಳಲಾಗದು. ನಿಧಾನವಾಗಿ ಮಾಡಿ ತೋರಿಸಿ ಎಂದರೆ ಬೆರಳು ತಡವರಿಸುತ್ತದೆ. ಆದುದರಿಂದ ಪಾತ್ರಗಳನ್ನು ಬದಲಿಸಿ. ಮನೆಯ ಕಿರಿಯರೊಬ್ಬರು ಅಜ್ಜಿಯ ಪಕ್ಕದಲ್ಲಿ ಕುಳಿತು ಹತ್ತಿ ಎಳೆಯಲಿ, ತಪ್ಪಾಗಿಯೇ ಎಳೆಯಲಿ. “ಅಷ್ಟು ಹಾಲು ಅದ್ದಬೇಡ, ಹತ್ತಿ ಮುದ್ದೆಯಾಗುತ್ತೆ”, “ಎಳೆಯೋ ಮುಂಚೆ ಹೊಸೆಯಬೇಡ” ಎಂದು ತಿದ್ದುವ ಮಾತುಗಳು ತಾವಾಗಿಯೇ ಹೊರಬರುತ್ತವೆ. ಅವನ್ನು ಇದ್ದಂತೆಯೇ, ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ನಿಮ್ಮ ಪಾಠ ಅದೇ. ಒಂದು ಎಳೆಗೆ ಎಷ್ಟು ಗೆಜ್ಜೆ, ಹಾಲೋ ವಿಭೂತಿಯೋ, ಕುಂಕುಮ ಎಲ್ಲೆಲ್ಲಿ ಎಂಬುದು ಮನೆಯಿಂದ ಮನೆಗೆ ಬೇರೆಯಾಗಿರುವುದರಿಂದ ‘ನಮ್ಮ ಮನೆಯ ಪದ್ಧತಿ’ ಎಂದು ನಮೂದಿಸುವುದು ಒಳ್ಳೆಯದು. ಇಲ್ಲವಾದರೆ ಬಂಧುಗಳಲ್ಲೇ ವಾದ ಹುಟ್ಟಿಕೊಂಡೀತು.

ಪ್ರಶ್ನೆ: ಹಳೆಯ ರೇಷ್ಮೆ ಸೀರೆಯ ತುಂಡುಗಳಿಂದ ದಸರೆಯ ಪಟ್ಟದ ಬೊಂಬೆಗಳಿಗೆ ಉಡುಪು ಹೊಲಿಯುವ ವಿಧಾನವನ್ನು ಬರೆದು ಹಂಚಿದ್ದೆ. ಒಬ್ಬರು ನನ್ನ ಫೋಟೊ, ಬರಹಗಳನ್ನು ತಮ್ಮ ಹೆಸರಿನಲ್ಲಿ ಹಾಕಿಕೊಂಡಿದ್ದಾರೆ, ಉಡುಪುಗಳನ್ನು ಮಾರುತ್ತಲೂ ಇದ್ದಾರೆ. ತಡೆಯಬಹುದೇ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಮೊದಲನೆಯದನ್ನು ತಡೆಯಬಹುದು, ಎರಡನೆಯದು ಕಷ್ಟ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನೀವು ಬರೆದ ವಾಕ್ಯಗಳು ಮತ್ತು ತೆಗೆದ ಫೋಟೊಗಳು ನಿಮ್ಮವು. ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಮೂಲ ಫೋಟೊಗಳನ್ನು ದಿನಾಂಕ ಸಹಿತ ಉಳಿಸಿಕೊಂಡು, ತೆಗೆದುಹಾಕುವಂತೆ ಲಿಖಿತವಾಗಿ ಕೇಳಿ. ಆದರೆ ಹೊಲಿಯುವ ವಿಧಾನದ ಮೇಲೆ ಕೃತಿಸ್ವಾಮ್ಯವಿಲ್ಲ. ಬಟ್ಟೆಯ ವಿನ್ಯಾಸಕ್ಕೆ ರಕ್ಷಣೆ ಬೇಕಾದರೆ 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಬೇಕಾಗುತ್ತದೆ, ಅದೂ ಪ್ರಕಟಿಸುವ ಮೊದಲೇ. ಹಂಚಿಕೊಂಡ ಮೇಲೆ ಇತರರು ಹೊಲಿಯುತ್ತಾರೆ, ಕೆಲವರು ಮಾರುತ್ತಾರೆ. ಅದು ಒಪ್ಪಿಗೆಯಿಲ್ಲದಿದ್ದರೆ ಆ ಮಾದರಿಯನ್ನು ಹಂಚದಿರುವುದೇ ಸರಿ.

ಪ್ರಶ್ನೆ: ಮೈಸೂರು ಶೈಲಿಯ ಚಿತ್ರಕಲೆಯನ್ನು ಗುರುಗಳೊಬ್ಬರಲ್ಲಿ ಕಲಿಯುತ್ತಿದ್ದೇನೆ. ಗೆಸ್ಸೊ ಕೆಲಸದ, ಅಂದರೆ ಪುಡಿ ಮತ್ತು ಅಂಟಿನ ಪಾಕದಿಂದ ಚಿತ್ರದ ಮೇಲೆ ಉಬ್ಬು ಮೂಡಿಸುವ ಕೆಲಸದ, ಹಂತಗಳನ್ನು ಬರೆದು ಹಂಚಿಕೊಳ್ಳಬಹುದೇ?
— ವಿದ್ಯಾರ್ಥಿ, ಕೃಷ್ಣಮೂರ್ತಿಪುರಂ, ಮೈಸೂರು

ಉತ್ತರ: ಕಾನೂನು ಅಡ್ಡಬರುವುದಿಲ್ಲ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ ನಿಜ, ಆದರೆ ಅದಕ್ಕೆ ಸಂಬಂಧಿಸಿದ 1999ರ ಕಾಯಿದೆ ಕಾಪಾಡುವುದು ಆ ಹೆಸರಿನಲ್ಲಿ ಮಾರುವ ಹಕ್ಕನ್ನು. ಕಲಿಸುವುದನ್ನು ಅದು ತಡೆಯುವುದಿಲ್ಲ. ಗುರುಗಳನ್ನು ಮಾತ್ರ ಕೇಳದೆ ಹಂಚಬೇಡಿ. ಪಾಕದ ಪ್ರಮಾಣ ಅವರ ಮನೆತನದ್ದಾಗಿದ್ದರೆ ಅದನ್ನು ಬಿಟ್ಟು ಬರೆಯಿರಿ. ಮೈಸೂರಿನ ಗೆಸ್ಸೊ ತಂಜಾವೂರಿನದಕ್ಕಿಂತ ತಗ್ಗಾಗಿ, ತೆಳುವಾಗಿ ಇರುವುದರಿಂದ ನೇರ ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಅದರ ಉಬ್ಬು ಕಾಣುವುದೇ ಇಲ್ಲ. ಹಲಗೆಯ ಪಕ್ಕದಿಂದ, ಸಾಕಷ್ಟು ಕೆಳಮಟ್ಟದಲ್ಲಿ ಬೆಳಕು ಬೀಳುವಂತೆ ಇಟ್ಟು ತೆಗೆಯಿರಿ. ಒಂದು ಎಚ್ಚರಿಕೆ: ಹಳೆಯ ಪಾಕಗಳಲ್ಲಿ ಸೀಸದ ಬಿಳಿಯ ಪುಡಿಯನ್ನು ಬಳಸುತ್ತಿದ್ದರು, ಅದು ವಿಷ. ಹಳೆಯ ಟಿಪ್ಪಣಿಯಿಂದ ನಕಲು ಮಾಡುವಾಗ ಅದರ ಬದಲಿಗೆ ಸತುವಿನ ಬಿಳಿ ಎಂದು ಸ್ಪಷ್ಟವಾಗಿ ಬರೆಯಿರಿ. ಪುಡಿ ಅರೆಯುವಾಗ ಮೂಗು ಬಾಯಿ ಮುಚ್ಚಿಕೊಳ್ಳಬೇಕು, ಅಡುಗೆಯ ಪಾತ್ರೆ ಬಳಸಬಾರದು ಎಂಬುದನ್ನೂ ಸೇರಿಸಿ. ಇದೆಲ್ಲವೂ ಮೊದಲ ಹಂತಕ್ಕಿಂತ ಮೇಲೆ ಇರಲಿ, ಏಕೆಂದರೆ ಹೆಚ್ಚಿನವರು ಪೂರ್ತಿ ಓದಿ ಮುಗಿಸುವ ಮೊದಲೇ ಅರೆಯಲು ಕೂತಿರುತ್ತಾರೆ.